ಕೊಂಬೆಗೆ ಕೊಂಬೆ ತಾಗಬೇಕು

ಉತ್ತರ ಕನ್ನಡದ ಗೇರುಸೊಪ್ಪೆಯಿಂದ ಮಾವಿನಗುಂಡಿಗೆ ಹತ್ತುವ ಘಟ್ಟದಲ್ಲಿ ಈಗೀಗ ಸಿಂಗಳೀಕಗಳು ಸಲೀಸಾಗಿ ಕಾಣಸಿಗುತ್ತವೆ. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿರುತ್ತವೆ. ಗಾಡಿ ನಿಧಾನವಾದರೆ ತಲೆಯೆತ್ತಿ ನೋಡುತ್ತವೆ. ಕಳೆದ ಸಲ ಊರಿಗೆ ಹೋಗುವಾಗ ಮಲೆಮನೆಯ ಹತ್ತಿರ ಒಂದು ತಿರುವಿನಲ್ಲಿ ನಾಲ್ಕಾರು ಕಾರು ನಿಂತಿದ್ದವು. ಯಾರೋ ಚಿಪ್ಸ್ ಪೊಟ್ಟಣ ಎಸೆದರು. ತಾಯಿ ಸಿಂಗಳೀಕವೊಂದು ಹೊಟ್ಟೆಗೆ ಮರಿಯನ್ನು ಅವುಚಿಕೊಂಡು ಡಾಂಬರಿನ ಮೇಲೆ ನಡೆದು ಬಂತು, ಪೊಟ್ಟಣ ಎತ್ತಿಕೊಂಡು ಅಲ್ಲೇ ಕೂತು ಬಿಚ್ಚತೊಡಗಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಹೊಡೆದು, ಬ್ರೇಕ್ ಹಾಕಿ, ಬೈದುಕೊಂಡು ಮುಂದೆ ಹೋದ. ನನ್ನ ಜೊತೆಗಿದ್ದ ಗೆಳತಿಗೆ ಖುಷಿಯೋ ಖುಷಿ. ಎಷ್ಟು ಅಪರೂಪದ ಪ್ರಾಣಿ, ಇಷ್ಟು ಹತ್ತಿರದಿಂದ ನೋಡಿದ್ವಲ್ಲ ಅಂದಳು. ನನಗೆ ಬಾಯಿಂದ ಮಾತು ಹೊರಡಲಿಲ್ಲ.

ಅವಳ ಖುಷಿಯಲ್ಲಿ ತಪ್ಪೇನೂ ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಗೊಂಡೆಯಿರುವ ಬಾಲ. ನೋಡಿದವರು ಕಣ್ಣು ತೆಗೆಯುವುದಿಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇದು ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಸೇರಿ ನಾಲ್ಕು ಸಾವಿರದೊಳಗೆ ಇರಬಹುದು ಅನ್ನುವುದು ತಿಳಿದವರ ಅಂದಾಜು. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ. ಅಂಥದ್ದು ನೆಲಕ್ಕೆ ಇಳಿದು ರಸ್ತೆಯಲ್ಲಿ ಕೂತಿದೆ ಅಂದರೆ ನನಗೆ ಭಯ. ಹುಟ್ಟಿದಾಗಿನಿಂದ ಸಾಯುವವರೆಗೆ ಮರದ ಮೇಲೇ ಬದುಕುವ ಜೀವ ಅದು. ಮಲಗುವುದು, ತಿನ್ನುವುದು, ಮರಿ ಸಾಕುವುದು ಎಲ್ಲಾ ಅಲ್ಲೇ. ಎಲೆಯ ಮೇಲೆ ನಿಂತ ನೀರು, ಪೊಟರೆಯ ನೀರು ಕುಡಿದು ದಿನ ಕಳೆಯುತ್ತದೆ. ಅದನ್ನು ಕೆಳಗೆ ಇಳಿಸಿದ್ದು ಯಾವುದು? ಚಿಪ್ಸ್ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ತಿನಿಸು ಎಸೆಯುವುದು ತಪ್ಪೇ, ಅನುಮಾನವಿಲ್ಲ. ಆದರೆ ಚಿಪ್ಸ್ ಬರುವ ಮೊದಲು ಅಲ್ಲಿ ಇನ್ನೊಂದು ಆಗಿತ್ತು. ರಸ್ತೆ ಅಗಲವಾಗಿ ಎರಡೂ ಬದಿಯ ಮರಗಳ ಕೈ ಬಿಟ್ಟುಹೋಗಿತ್ತು.

ಉಪ್ಪಾಗೆ ಕಾಲ

ನಾನು ಚಿಕ್ಕವಳಿದ್ದಾಗ ಸಿಂಗಳೀಕವನ್ನು ಕೇಳಿದ್ದೆ, ನೋಡಿರಲಿಲ್ಲ. ಸಿದ್ದಾಪುರದ ಕಡೆ ಘಟ್ಟದ ಅಂಚಿನಲ್ಲಿ ನಮ್ಮ ಮನೆ. ಕೆಳಗೆ ಅಡಿಕೆ ತೋಟ, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬೆಟ್ಟ ದಾಟಿದರೆ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು. ಮಂಗ ದಿನಾ ತೋಟಕ್ಕೆ ಬರುತ್ತಿತ್ತು. ಮುಸಿಯ ಬೆಟ್ಟದ ಮರದಲ್ಲಿ ಕೂತು ಚಿಗುರು ತಿನ್ನುತ್ತಿತ್ತು. ಸಿಂಗಳೀಕ ಮಾತ್ರ ಕಾನು ಬಿಟ್ಟು ಈಚೆ ಬಂದದ್ದೇ ಇಲ್ಲ.

ಕಾನಿನಲ್ಲಿ ಉಪ್ಪಾಗೆ ಅನ್ನುವ ಹುಳಿಕಾಯಿಯ ಮರ ಇದೆ, ಮಳೆ ಹಿಡಿದ ಮೇಲೆ ಅದು ಹಣ್ಣಾಗುತ್ತದೆ. ಮೊದಲೆಲ್ಲ ನಮ್ಮ ಕಡೆ ಉಪ್ಪಾಗೆಯ ಬೀಜದಿಂದ ಮನೆಮಟ್ಟಿಗೆ ತುಪ್ಪ ತೆಗೆಯುತ್ತಿದ್ದರು. ಅಷ್ಟಕ್ಕೇ ಅದರ ಬೆಲೆ. ತೊಂಬತ್ತರ ದಶಕದಲ್ಲಿ ಎಲ್ಲಾ ಬದಲಾಯಿತು. ಒಣಗಿಸಿದ ಸಿಪ್ಪೆ ಮೈ ತೂಕ ಇಳಿಸುವ ಮಾತ್ರೆಗೆ ಬೇಕು ಅಂತ ಹೊರದೇಶಕ್ಕೆ ಹೋಗತೊಡಗಿತು. ಘಟ್ಟದ ಹಳ್ಳಿಗಳಲ್ಲಿ ಉಪ್ಪಾಗೆ ಅಂದರೆ ದುಡ್ಡು ಅಂತಾಯಿತು. ಮಳೆಗಾಲದಲ್ಲಿ ಕೂಲಿ ಇಲ್ಲದ ಮನೆಗಳಿಗೆ ಅದೊಂದು ದೊಡ್ಡ ಆಸರೆ. ನಸುಕಿಗೇ ಜನ ಕೊಪ್ಪೆ ಹಾಕಿಕೊಂಡು ಕಾನು ಹತ್ತುತ್ತಿದ್ದರು. ತಾನು ಹೋಗುವಷ್ಟರಲ್ಲಿ ಬೇರೆಯವರು ಕೊಯ್ದಾರು ಅನ್ನುವ ಆತುರ. ಆ ಆತುರಕ್ಕೆ ಕಾಯಿ ಬಲಿಯುವ ಮೊದಲೇ ಕೊಯ್ಯುವುದು, ಹತ್ತಲಾಗದ ಕೊಂಬೆಯನ್ನೇ ಕಡಿದು ಕೆಡವುವುದು ಶುರುವಾಯಿತು. ಮಳೆಯಲ್ಲಿ ಸಿಪ್ಪೆ ಒಣಗುವುದಿಲ್ಲ. ಬಿದಿರ ತಟ್ಟಿಯ ಮೇಲೆ ಹರಡಿ, ಕೆಳಗೆ ಹಗಲೂ ರಾತ್ರಿ ಬೆಂಕಿ ಹಾಕಬೇಕು. ಅದಕ್ಕೆ ಕಟ್ಟಿಗೆ ಬೇಕು. ಕಟ್ಟಿಗೆಯೂ ಅದೇ ಕಾಡಿನದ್ದು.

ಒಂದು ಸಲ ದೊಡ್ಡಪ್ಪನ ಬೆನ್ನು ಹತ್ತಿ ನಾನೂ ಹೋಗಿದ್ದೆ. ಹಗಲು ಹೊತ್ತಲ್ಲೂ ಕಾನಿನೊಳಗೆ ಬೆಳಕು ಕಡಿಮೆ. ಮಳೆ ನಿಂತಿದ್ದರೂ ಮರದಿಂದ ಹನಿ ಬೀಳುತ್ತಲೇ ಇತ್ತು. ಕಾಲಿಗೆ ರಕ್ತ ಹೀರುವ ಉಂಬಳ ಹತ್ತದ ಹಾಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡಿದ್ದೆವು. ಆದರೂ ಹತ್ತಿದ್ದವು. ನಾನು ಬಗ್ಗಿ ಉಂಬಳ ಕೀಳುತ್ತಿದ್ದಾಗ ಮೇಲಿಂದ ಕೂಗು ಕೇಳಿಸಿತು. ದೊಡ್ಡದಾಗಿ, ತಡೆದು ತಡೆದು, ಕೂ ಹೂ ಅನ್ನುವ ಹಾಗೆ. ಮನುಷ್ಯರೇ ಯಾರೋ ಕರೆದರು ಅಂದುಕೊಂಡು ನಾನು ಓಗೊಟ್ಟೆ. ದೊಡ್ಡಪ್ಪ ಬಾಯಿ ಮೇಲೆ ಬೆರಳಿಟ್ಟರು.

‘ಸುಮ್ನಿರು ಕೂಸೇ. ಅದು ಮಂಗ ಅಲ್ದೇ, ಸಿಂಗಳೀಕ.’

ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಎಲೆ ಅಲುಗಿದ್ದು ಕಂಡಿತು, ಹಣ್ಣಿನ ಚೂರು ಬಿದ್ದವು, ಅಷ್ಟೇ. ದೊಡ್ಡಪ್ಪ ಆ ಮರಕ್ಕೆ ಕೈ ಹಚ್ಚಲಿಲ್ಲ. ಪಕ್ಕದ ಮರದಲ್ಲಿ ಕೈಗೆ ಸಿಕ್ಕಷ್ಟು ಕೊಯ್ದರು. ಜೊತೆಗೆ ಬಂದಿದ್ದ ಕೆಲಸದ ಹುಡುಗ ಮೇಲಿನ ಕೊಂಬೆಗೆ ಹತ್ತಲು ಹೊರಟಾಗ ‘ಎಲ್ಲಾ ಕೊಯ್ಯಡ ಮಾರಾಯಾ, ಅದಕ್ಕೂ ಬೇಕು’ ಅಂದರು. ದೊಡ್ಡಪ್ಪ ಪರಿಸರವಾದಿ ಆಗಿರಲಿಲ್ಲ. ತೋಟಕ್ಕೆ ಬರುವ ಮಂಗನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಗರ್ನಾಲು ಹೊಡೆದು ಓಡಿಸುತ್ತಿದ್ದರು. ಆದರೆ ಕಾನಿನೊಳಗೆ ಹೋದಾಗ ಅವರ ಲೆಕ್ಕ ಬೇರೆಯಾಗುತ್ತಿತ್ತು. ಅಲ್ಲಿ ತಾವು ಬಂದವರು, ಅದು ಇರುವುದು.

ಉಪ್ಪಾಗೆಯ ಆ ಪೈಪೋಟಿಗೆ ಮುಂದೆ ಕೆಲವು ಊರುಗಳಲ್ಲಿ ಕಡಿವಾಣ ಬಿತ್ತು. ಗ್ರಾಮ ಅರಣ್ಯ ಸಮಿತಿಗಳು ಕೂತು, ಹಣ್ಣಾದ ಮೇಲೇ ಕೊಯ್ಯಬೇಕು, ಕೊಂಬೆ ಕಡಿಯಬಾರದು, ಮರದಲ್ಲಿ ಒಂದಷ್ಟು ಬಿಡಬೇಕು ಅಂತ ತಾವೇ ನಿಯಮ ಮಾಡಿಕೊಂಡವು. ಕಡಿಮೆ ಕಟ್ಟಿಗೆ ಸಾಕಾಗುವ ಡ್ರೈಯರ್‌ಗಳು ಬಂದವು. ಎಲ್ಲಾ ಕಡೆ ಆಯಿತು ಅನ್ನಲಾರೆ. ಆದ ಕಡೆ ಅದು ಊರಿನವರು ಕೂತು ಮಾತಾಡಿದ್ದರಿಂದಲೇ ಆದದ್ದು. ಇದನ್ನು ನಾನು ಮುಖ್ಯ ಅಂತ ಹೇಳುವುದಕ್ಕೆ ಕಾರಣ ಇದೆ, ಮುಂದೆ ಬರುತ್ತೇನೆ.

ಮೇಲಿನ ದಾರಿ

ಸಿಂಗಳೀಕವನ್ನು ಸರಿಯಾಗಿ ನೋಡಿದ್ದು ಎಷ್ಟೋ ವರ್ಷದ ಮೇಲೆ, ಕತ್ತಲೆಕಾನಿನಲ್ಲಿ. ಹೆಸರೇ ಹೇಳುವ ಹಾಗೆ ಕತ್ತಲೆಯ ಕಾನು. ಹಳ್ಳದ ಬದಿಯಲ್ಲಿ ರಾಮಪತ್ರೆ ಜಾತಿಯ ಮರಗಳು ಕೆಸರಲ್ಲಿ ನಿಂತಿರುತ್ತವೆ. ಬೇರುಗಳು ಮೊಣಕಾಲು ಮಡಚಿದ ಹಾಗೆ ಮಣ್ಣಿನಿಂದ ಮೇಲೆ ಬಂದು ಮತ್ತೆ ಒಳಗೆ ಹೋಗಿರುತ್ತವೆ. ಇಂಥ ಜಡ್ಡಿಗಳು, ಅಂದರೆ ಕೆಸರು ಕಾಡುಗಳು, ಬಹಳ ಹಳೆಯ ಕಾಡಿನ ಉಳಿಕೆ. ಅದುವರೆಗೆ ಯಾರೂ ಗುರುತಿಸಿರದ ಒಂದು ಹೊಸ ಮರವನ್ನೇ ಸಸ್ಯ ವಿಜ್ಞಾನಿಗಳು ಇಲ್ಲಿ ಗುರುತಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ.

ಪರಿಚಯದ ವಾಚರ್ ಒಬ್ಬರು ಕರೆದುಕೊಂಡು ಹೋಗಿದ್ದರು. ಕೆಂಪು ಅಂಗಿ ಬೇಡ, ಮಾತು ಬೇಡ, ಕೈ ತೋರಿಸುವುದು ಬೇಡ ಅಂತ ಮೊದಲೇ ಹೇಳಿದ್ದರು. ಹಳ್ಳದ ದಂಡೆಯಲ್ಲಿ ಕೂತೆವು. ಬಹಳ ಹೊತ್ತಿನ ಮೇಲೆ ಗುಂಪು ಬಂತು. ಸದ್ದೇ ಇಲ್ಲ ಅನ್ನುವಷ್ಟು ಕಡಿಮೆ ಸದ್ದು. ಒಂದು ಬೈನೆ ಮರದಲ್ಲಿ ಎರಡು ಕೂತು ಕಾಯಿ ಕೀಳುತ್ತಿದ್ದವು. ಇನ್ನೊಂದು ಒಣಗಿದ ಟೊಂಗೆಯ ತೊಗಟೆ ಸುಲಿದು ಹುಳ ಹುಡುಕುತ್ತಿತ್ತು. ಅಷ್ಟು ನಿಧಾನ, ಅಷ್ಟು ಗಮನ! ಗಲ್ಲದ ಚೀಲ ತುಂಬಿಕೊಂಡು ಮುಂದಿನ ಮರಕ್ಕೆ ಹೋಗಿ, ಅಲ್ಲಿ ತಿಂದು ಬೀಜ ಉಗುಳುತ್ತಿದ್ದವು. ಉಗುಳಿದ ಬೀಜ ತಾಯಿಮರದಿಂದ ದೂರ ಬೀಳುತ್ತದೆ. ಎಷ್ಟೋ ಮರಗಳು ಹೀಗೇ ಹುಟ್ಟುತ್ತವೆ ಅಂತ ವಾಚರ್ ಆಮೇಲೆ ಹೇಳಿದರು.

ಆ ಗುಂಪು ಹೊರಟಿದ್ದ ದಿಕ್ಕಿನಲ್ಲಿ ಒಂದು ಕಡೆ ಮರ ಕಡಿದು ತಂತಿ ಎಳೆದಿದ್ದರು. ಕೆಳಗೆ ನಿಂತು ನೋಡಿದರೆ ದೊಡ್ಡ ಜಾಗವೇನೂ ಅಲ್ಲ. ಮೊದಲು ಎಳೆಯ ಗಂಡೊಂದು ಕೊಂಬೆಯ ತುದಿಗೆ ಬಂದು, ಜೋಲಿ ಹೊಡೆದು, ಆಚೆಗೆ ಹಾರಿತು. ಆಚೆಯ ಟೊಂಗೆ ಬಾಗಿ, ಮುರಿಯುತ್ತದೇನೋ ಅನ್ನುವ ಹಾಗಾಗಿ, ಮೇಲೆದ್ದಿತು. ಇನ್ನೆರಡು ಹಾರಿದವು. ಆಮೇಲೆ ಮರಿ ಹೊತ್ತ ತಾಯಿ ಬಂತು. ತುದಿಯವರೆಗೆ ಬಂದು ನಿಂತಿತು. ಹಿಂದೆ ಹೋಯಿತು. ಬೇರೆ ಕೊಂಬೆ ನೋಡಿತು. ಮತ್ತೆ ಬಂತು. ಆಚೆ ದಾಟಿದ್ದವು ಕೂತು ಕಾದವು. ತಾಯಿ ಕೊನೆಗೂ ಹಾರಲಿಲ್ಲ. ಕಾಂಡ ಹಿಡಿದು ಕೆಳಗಿಳಿಯಿತು, ನೆಲದ ಮೇಲೆ ಓಡಿತು, ಆಚೆ ಮರ ಹತ್ತಿತು. ನೆಲದಲ್ಲಿದ್ದದ್ದು ಕೆಲವೇ ಕ್ಷಣ. ಆ ಕ್ಷಣದಲ್ಲಿ ಅದರ ಮೈಯೆಲ್ಲಾ ಕಣ್ಣಾಗಿತ್ತು. ನಾಯಿ ಇದ್ದಿದ್ದರೆ? ಚಿರತೆ ಇದ್ದಿದ್ದರೆ? ಅಲ್ಲಿ ತಂತಿಯ ಬದಲು ರಸ್ತೆ ಇದ್ದಿದ್ದರೆ?

ನಮ್ಮ ತೋಟದಲ್ಲಿ ಕೊನೆಗೌಡ ಅಡಿಕೆ ಕೊಯ್ಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಮರ ಹತ್ತಿದವನು ಕೆಳಗಿಳಿಯದೆ, ಮರವನ್ನು ಬಗ್ಗಿಸಿ, ಪಕ್ಕದ ಮರವನ್ನು ಹಿಡಿದು, ಹಾಗೇ ಸಾಲು ಮುಗಿಸುತ್ತಾನೆ. ಮಧ್ಯೆ ಒಂದು ಮರ ಸತ್ತಿದ್ದರೆ ಇಳಿದು ಮತ್ತೆ ಹತ್ತಬೇಕು. ತೋಟದ ಲೆಕ್ಕದಲ್ಲಿ ಹೋದದ್ದು ಒಂದೇ ಮರ. ಅವನಿಗೆ ಹೋದದ್ದು ದಾರಿ.

ಆ ದಾರಿ ಸಿಂಗಳೀಕಕ್ಕೆ ಹೊಟ್ಟೆಪಾಡಿಗೆ ಮಾತ್ರ ಬೇಕಾದದ್ದಲ್ಲ. ಅದರ ಸಂಸಾರ ನಡೆಯುವ ರೀತಿಯೇ ಹಾಗಿದೆ. ಗುಂಪಿನಲ್ಲಿ ಹೆಣ್ಣುಗಳು ಹುಟ್ಟಿದಲ್ಲೇ ಉಳಿಯುತ್ತವೆ. ಸಾಮಾನ್ಯವಾಗಿ ಒಂದೇ ಒಂದು ದೊಡ್ಡ ಗಂಡು ಇರುತ್ತದೆ. ಎಳೆಯ ಗಂಡುಗಳು ಬೆಳೆದ ಮೇಲೆ ಬೇರೆ ಗುಂಪು ಹುಡುಕಿಕೊಂಡು ಹೊರಡುತ್ತವೆ. ಹೊಸ ರಕ್ತ ಬರುವುದು ಹಾಗೆ. ನಡುವೆ ಕಾಡು ತುಂಡಾದರೆ ಹೊರಡುವ ಗಂಡಿಗೆ ದಾರಿ ಇಲ್ಲ, ಬರುವ ಗಂಡಿಗೂ ದಾರಿ ಇಲ್ಲ. ಗುಂಪು ಅಲ್ಲಲ್ಲೇ ಒಳಗೊಳಗೇ ಸೊರಗುತ್ತದೆ. ಹೆಣ್ಣು ಮೊದಲ ಮರಿ ಹಾಕುವುದು ಆರು ವರ್ಷ ದಾಟಿದ ಮೇಲೆ. ಒಂದು ಮರಿಗೂ ಇನ್ನೊಂದಕ್ಕೂ ಎರಡೂವರೆ ಮೂರು ವರ್ಷದ ಅಂತರ. ಮಂಗನ ಹಾಗೆ ಬೇಗ ಬೇಗ ಹೆಚ್ಚುವ ಪ್ರಾಣಿ ಇದಲ್ಲ. ಘಟ್ಟದಲ್ಲಿ ಒಂದು ತಾಯಿ ಗಾಡಿಗೆ ಸಿಕ್ಕಿ ಸತ್ತರೆ ಆ ಗುಂಪು ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ತಮಿಳುನಾಡಿನ ವಾಲ್ಪಾರೈ ಕಡೆ ಹೋದವರು ಪುದುತೋಟ್ಟಂ ಅನ್ನುವ ಚಿಕ್ಕ ಕಾಡಿನ ತುಂಡನ್ನು ನೋಡಿರಬಹುದು. ನೂರು ಹೆಕ್ಟೇರ್ ಕೂಡ ಇಲ್ಲ. ಸುತ್ತ ಚಹಾ ತೋಟ, ಮಧ್ಯೆ ರಸ್ತೆ. ಅಲ್ಲಿ ಸಿಂಗಳೀಕಗಳ ಸಂಖ್ಯೆ ಕಡಿಮೆಯಾಗಿಲ್ಲ, ಜಾಸ್ತಿಯೇ ಆಗಿದೆ. ಹೊರಗೆ ಹೋಗಲು ದಾರಿಯಿಲ್ಲದೆ ಅವು ಊರಿಗೆ ಇಳಿದಿವೆ. ಮನೆಯ ಹೆಂಚು ತೆಗೆದು ಒಳಗೆ ನುಗ್ಗುತ್ತವೆ, ಕಸದ ತೊಟ್ಟಿ ಜಾಲಾಡುತ್ತವೆ, ರಸ್ತೆಯಲ್ಲಿ ಸಾಯುತ್ತವೆ. ರಸ್ತೆಯ ಮೇಲೆ ಮರದಿಂದ ಮರಕ್ಕೆ ಕ್ಯಾನ್ವಾಸ್ ಪಟ್ಟಿಯ ಸೇತುವೆ ಕಟ್ಟಿದ್ದಾರೆ, ಗಾಡಿ ನಿಧಾನ ಮಾಡಿಸಲು ಕಾವಲಿನವರನ್ನು ನಿಲ್ಲಿಸಿದ್ದಾರೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅರಣ್ಯ ಇಲಾಖೆಯ ಜೊತೆ ಸೇರಿ ಮಾಡಿದ ಈ ಕೆಲಸದಿಂದ ಎಷ್ಟೋ ಜೀವ ಉಳಿದಿವೆ. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಆ ಸೇತುವೆಯ ಫೋಟೋ ನೋಡಿದಾಗಲೆಲ್ಲ ಅನಿಸುವುದು ಇಷ್ಟು: ಕಾನಿನ ಮಧ್ಯೆ ನಾವು ಆ ಸ್ಥಿತಿಗೆ ಇನ್ನೂ ಪೂರ್ತಿ ಬಂದಿಲ್ಲ. ಬಾರದೆ ಇರುವುದು ಇನ್ನೂ ನಮ್ಮ ಕೈಯಲ್ಲಿದೆ.

ಯಾಕೆಂದರೆ ನಮ್ಮಲ್ಲಿ ಉಳಿದಿರುವುದು ಸಣ್ಣದಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಹೊನ್ನವಳ್ಳಿ ಕುಮಾರ ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕದ ಮಳೆಕಾಡುಗಳನ್ನು ಸುತ್ತಿ ಎಣಿಸಿದಾಗ, ಶಿರಸಿ ಹೊನ್ನಾವರದ ನಡುವಿನ ಕಾಡಿನಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪು, ಆರು ನೂರಕ್ಕೂ ಹೆಚ್ಚು ಸಿಂಗಳೀಕ ಇರುವುದು ಗೊತ್ತಾಯಿತು. ಒಂದೇ ಕಡೆ ಇಷ್ಟು ದೊಡ್ಡ ಸಂಖ್ಯೆ ಇರುವ ಜಾಗ ಇಡೀ ಘಟ್ಟದಲ್ಲೇ ಬೆರಳೆಣಿಕೆಯಷ್ಟು. ಅದೂ ಯಾವ ರಾಷ್ಟ್ರೀಯ ಉದ್ಯಾನದೊಳಗೂ ಅಲ್ಲ. ಅಡಿಕೆ ತೋಟ, ಗದ್ದೆ, ಬೆಟ್ಟ, ದೇವರಕಾಡು, ಊರುಗಳ ನಡುವೆ. 2011ರಲ್ಲಿ ಸರ್ಕಾರ ಅಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಆ ಬಗೆಯ ಘೋಷಣೆಯಲ್ಲಿ ಜನರ ಹಕ್ಕಿಗೆ ಧಕ್ಕೆ ಇರಲಿಲ್ಲ. 2019ರಲ್ಲಿ ಅದನ್ನೂ ಶರಾವತಿ ಕಣಿವೆ ಅಭಯಾರಣ್ಯವನ್ನೂ ನಡುವಿನ ಮೀಸಲು ಅರಣ್ಯವನ್ನೂ ಕೂಡಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಕಾಡು ಕಾಡಿಗೆ ಸೇರಿದ್ದು ಒಳ್ಳೆಯದೇ. ಆದರೆ ಅಭಯಾರಣ್ಯ ಅಂದ ಕೂಡಲೇ ನಿಯಮ ಬಿಗಿ, ಒಳಗಿರುವ ಊರಿನವರಿಗೆ ಮುಂದೇನು ಅನ್ನುವ ದಿಗಿಲು. ಆ ದಿಗಿಲನ್ನು ಅರಣ್ಯ ವಿರೋಧ ಅಂತ ಕರೆಯುವುದು ಅನ್ಯಾಯ.

ಮರ ಎಣಿಸುವವರು

ಆ ಅಭಯಾರಣ್ಯದೊಳಗೇ ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬರುವ ಮಾತು. ತಳಕಳಲೆ ಮೇಲಿನ ಕೆರೆ, ಗೇರುಸೊಪ್ಪೆ ಕೆಳಗಿನ ಕೆರೆ, ನಡುವೆ ಸುರಂಗ, ಭೂಮಿಯೊಳಗೆ ವಿದ್ಯುತ್ ಮನೆ. ವಿದ್ಯುತ್ ಹೆಚ್ಚಿರುವ ಹೊತ್ತಲ್ಲಿ ನೀರನ್ನು ಮೇಲಕ್ಕೆ ಪಂಪ್ ಮಾಡುವುದು, ಬೇಡಿಕೆ ಏರುವ ಸಂಜೆ ಹೊತ್ತಲ್ಲಿ ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವುದು. ಸೋಲಾರ್ ಹಗಲು ಮಾತ್ರ ಸಿಗುವುದರಿಂದ ಹೀಗೆ ಕೂಡಿಡುವ ವ್ಯವಸ್ಥೆ ಬೇಕು ಅನ್ನುವುದು ವಾದ. ವಾದದಲ್ಲಿ ಹುರುಳಿದೆ, ನಾನು ಅಲ್ಲಗಳೆಯುವುದಿಲ್ಲ. ವಿದ್ಯುತ್ ಕೂಡಿಡಬೇಕು ಸರಿ. ಮೇಲೆತ್ತಲು ಖರ್ಚಾಗುವ ವಿದ್ಯುತ್ ವಾಪಸು ಸಿಗುವುದಕ್ಕಿಂತ ಜಾಸ್ತಿ ಅನ್ನುವುದನ್ನೂ ಒಪ್ಪಿಕೊಂಡು ಹೇಳುತ್ತೇನೆ, ಕೂಡಿಡಬೇಕು. ಅದಕ್ಕೆ ಈ ಕಣಿವೆಯೇ ಆಗಬೇಕಾ ಅನ್ನುವುದು ನನ್ನ ತಕರಾರು.

ಯೋಜನೆ ಪರವಾಗಿ ಮಾತಾಡುವವರು ಹೆಚ್ಚಿನದೆಲ್ಲಾ ಭೂಮಿಯೊಳಗೆ, ಮೇಲೆ ಹೋಗುವ ಕಾಡು ಕಡಿಮೆ ಅನ್ನುತ್ತಾರೆ. ಸುಮಾರು 16 ಸಾವಿರ ಮರ ಅನ್ನುವ ಲೆಕ್ಕ ಪತ್ರಿಕೆಗಳಲ್ಲಿ ಬಂದಿದೆ. 930 ಚದರ ಕಿಲೋಮೀಟರಿನ ಅಭಯಾರಣ್ಯದಲ್ಲಿ ಇಷ್ಟು ಮರ ಎಷ್ಟನೇ ಒಂದು ಭಾಗ ಅಂತ ಭಾಗಾಕಾರ ಮಾಡಿ ತೋರಿಸಿದರೆ ಏನೂ ಅಲ್ಲ ಅನಿಸುತ್ತದೆ. ಕಡಿದ ಮರಕ್ಕೆ ಬದಲಾಗಿ ಬೇರೆಲ್ಲೋ ಗಿಡ ನೆಡುತ್ತೇವೆ ಅಂತಲೂ ಹೇಳುತ್ತಾರೆ. ಈ ಲೆಕ್ಕವೇ ನನ್ನನ್ನು ಕಾಡುವುದು. ಮರ ಎಣಿಸಿದರೆ ಸಿಗುವುದು ಸೌದೆಯ ಲೆಕ್ಕ. ಕತ್ತಲೆಕಾನಿನಲ್ಲಿ ಆ ತಾಯಿ ನಿಂತ ಕಡೆ ಎಷ್ಟು ಮರ ಹೋಗಿತ್ತು? ಯಾವ ಕಡತದಲ್ಲೂ ಸುದ್ದಿಯಾಗದಷ್ಟು ಕಡಿಮೆ. ಸುರಂಗದ ಬಾಯಿಗೆ ಹೋಗಲು ರಸ್ತೆ ಬೇಕು. ತೆಗೆದ ಕಲ್ಲು ಮಣ್ಣು ಸುರಿಯಲು ಜಾಗ ಬೇಕು. ಕೆಲಸದವರಿಗೆ ಶೆಡ್ ಬೇಕು. ವಿದ್ಯುತ್ ಸಾಗಿಸಲು ತಂತಿ ಮಾರ್ಗ ಬೇಕು, ಅದರ ಕೆಳಗೆ ಮರ ಬೆಳೆಯಲು ಬಿಡುವುದಿಲ್ಲ. ಇವೆಲ್ಲಾ ಗೆರೆಗಳು. ಗೆರೆ ಎಷ್ಟೇ ಸಪೂರ ಇದ್ದರೂ ಕಾಡನ್ನು ಎರಡು ಮಾಡುತ್ತದೆ. ಬೇರೆಲ್ಲೋ ನೆಟ್ಟ ಅಕೇಶಿಯಾ ಈ ಎರಡನ್ನು ಮತ್ತೆ ಒಂದು ಮಾಡುವುದಿಲ್ಲ. ಅಕೇಶಿಯಾದಲ್ಲಿ ಸಿಂಗಳೀಕಕ್ಕೆ ತಿನ್ನಲೂ ಏನಿಲ್ಲ.

ಈ ನದಿ ಕೊಟ್ಟದ್ದು ಕಡಿಮೆಯೇ? ಜೋಗದ ಬುಡದ ವಿದ್ಯುತ್ ಕೇಂದ್ರ, ಅರವತ್ತರ ದಶಕದ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕಿಗಾಗಿ ಕಚೇರಿ ಅಲೆಯುತ್ತಿದ್ದಾರೆ. ಗೇರುಸೊಪ್ಪೆಯ ಹಿನ್ನೀರಿನಲ್ಲಿ ಹೋದದ್ದು ಇಂಥದೇ ನಿತ್ಯಹಸಿರು ಕಾಡು. ಪ್ರತಿ ಸಲವೂ ಇದೊಂದೇ ಅಂತ ಹೇಳಿದರು. ಮುಳುಗಡೆಯವರ ನೋವನ್ನೂ ಸಿಂಗಳೀಕದ ಪಾಡನ್ನೂ ಒಟ್ಟಿಗೆ ಹೇಳುವುದು ಸರಿಯಾ ಅಂತ ಕೆಲವರು ಕೇಳಿದ್ದುಂಟು. ಎರಡೂ ಒಂದೇ ಕಣಿವೆಯಲ್ಲಿ, ಒಂದೇ ಬಗೆಯ ತೀರ್ಮಾನದಿಂದ ಆದದ್ದು. ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಕೇರಳದವರಿಗೂ ಇದೇ ಪ್ರಶ್ನೆ ಬಂದಿತ್ತು. ಸೈಲೆಂಟ್ ವ್ಯಾಲಿಯ ಕುಂತಿಪುಳ ಹೊಳೆಗೆ ಅಣೆಕಟ್ಟು. ಕರೆಂಟು ಬೇಕೋ ಕೋತಿ ಬೇಕೋ ಅಂತ ಆಗಲೂ ಕೇಳಿದ್ದರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಮೇಷ್ಟರುಗಳು ಹಳ್ಳಿ ಹಳ್ಳಿಗೆ ಹೋಗಿ ಕಾಡಿನ ವಿಜ್ಞಾನ ಹೇಳಿದರು. ಕವಯಿತ್ರಿ ಸುಗತಕುಮಾರಿ ಮುಂದೆ ನಿಂತರು. ಸಲೀಂ ಅಲಿಯಂಥವರು ದನಿಗೂಡಿಸಿದರು. 1983ರಲ್ಲಿ ಯೋಜನೆ ಕೈಬಿಟ್ಟರು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೇರಳ ಕತ್ತಲಲ್ಲಿ ಮುಳುಗಲಿಲ್ಲ. ಆ ಹೋರಾಟದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಮೇಷ್ಟರುಗಳು. ಊರಿನ ಜನರಿಗೆ ಲೆಕ್ಕ ಬಿಡಿಸಿ ಹೇಳಿದರಲ್ಲ, ಅದು. ನಮ್ಮಲ್ಲೂ ಶಿರಸಿ, ಸಾಗರ, ಹೊನ್ನಾವರದಲ್ಲಿ ಈಗ ಜನ ಬೀದಿಗಿಳಿದಿದ್ದಾರೆ. ಅವರಲ್ಲಿ ಸ್ವಾಮೀಜಿಗಳಿದ್ದಾರೆ, ರೈತರಿದ್ದಾರೆ, ವಿಜ್ಞಾನಿಗಳಿದ್ದಾರೆ. ಬೆಂಗಳೂರಿನಲ್ಲಿ ಕೂತು ಈ ಕಣಿವೆಯ ಬೆಳಕಿನಲ್ಲೇ ಇದನ್ನು ಬರೆಯುತ್ತಿರುವ ನನ್ನಂಥವರ ದನಿ ಅವರ ಜೊತೆ ಸೇರಬೇಕು ಅನ್ನುವುದು ನನ್ನ ಆಸೆ.

ಸೊಪ್ಪಿನ ಬೆಟ್ಟ

ಸರ್ಕಾರಕ್ಕೆ ಹೇಳುವುದಷ್ಟೇ ಸಾಕಾ? ಇಲ್ಲ. ಕೊಂಬೆ ಕೊಂಬೆಗೆ ತಾಗದ ಹಾಗೆ ಮಾಡುವುದರಲ್ಲಿ ನಮ್ಮ ತೋಟಿಗರ ಪಾಲೂ ಇದೆ.

ಬೆಟ್ಟದ ವಿಷಯ ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕಿದೆ. ಸೊಪ್ಪು, ಒಣಗಿ ಬಿದ್ದ ಎಲೆಯ ದರಕು, ಕಟ್ಟಿಗೆ ಅಲ್ಲಿಂದ. ಚೆನ್ನಾಗಿ ನೋಡಿಕೊಂಡ ಬೆಟ್ಟ ಕಾಡೇ ಸರಿ. ಆದರೆ ಬಹಳ ಕಡೆ ವರ್ಷ ವರ್ಷ ಸೊಪ್ಪು ಸವರಿ ಸವರಿ ಮರಗಳು ಕಂಬದ ಹಾಗಾಗಿವೆ. ನೆತ್ತಿಯಲ್ಲಿ ಒಂದು ಹಿಡಿ ಸೊಪ್ಪು, ಅಷ್ಟೇ. ಮರ ಇದೆ, ಲೆಕ್ಕಕ್ಕೂ ಸಿಗುತ್ತದೆ. ದಾಟಲು ಆಗುವುದಿಲ್ಲ. ಎರಡು ಕಾನಿನ ಮಧ್ಯೆ ಇಂಥ ಬೋಳು ಬೆಟ್ಟ ಬಂದರೆ ಸಿಂಗಳೀಕಕ್ಕೆ ಅದು ಬಯಲೇ.

ಬ್ರೆಜಿಲ್‌ನಲ್ಲಿ ಗೋಲ್ಡನ್ ಲಯನ್ ಟ್ಯಾಮರಿನ್ ಅಂತ ಅಳಿಲಿನಷ್ಟೇ ದೊಡ್ಡ ಒಂದು ಪುಟ್ಟ ಮಂಗ ಇದೆ. ಬಂಗಾರದ ಬಣ್ಣ, ಸಿಂಹದ ಹಾಗೆ ಕೇಸರ. ಎಪ್ಪತ್ತರ ದಶಕದಲ್ಲಿ ಕಾಡಿನಲ್ಲಿ ಕೆಲವು ನೂರಷ್ಟೇ ಉಳಿದಿದ್ದವು. ಅಟ್ಲಾಂಟಿಕ್ ಕರಾವಳಿಯ ಕಾಡು ಕಬ್ಬಿಗೆ, ಕಾಫಿಗೆ, ದನದ ಹುಲ್ಲುಗಾವಲಿಗೆ ಹೋಗಿ ಚೂರು ಚೂರಾಗಿತ್ತು. ಈಗ ಅವು ಸಾವಿರಗಟ್ಟಲೆ ಇವೆ. ಮೃಗಾಲಯದಲ್ಲಿ ಸಾಕಿ ಕಾಡಿಗೆ ಬಿಟ್ಟದ್ದು ಒಂದು ಕಾರಣ. ನನಗೆ ಹೆಚ್ಚು ಮುಖ್ಯ ಅನಿಸುವುದು ಇನ್ನೊಂದು: ಅವು ಇರುವ ಕಾಡಿನ ಬಹುಪಾಲು ರೈತರ ಸ್ವಂತ ಜಮೀನಿನಲ್ಲಿದೆ. ಆ ರೈತರನ್ನು ಒಪ್ಪಿಸಿ, ಅವರ ಹುಲ್ಲುಗಾವಲಿನ ಮಧ್ಯೆ ಪಟ್ಟಿ ಪಟ್ಟಿಯಾಗಿ ಮರ ಬೆಳೆಸಿ ಚೂರುಗಳನ್ನು ಜೋಡಿಸಿದರು. ಸಸಿ ಬೆಳೆಸುವ ಕೆಲಸ ಅಲ್ಲಿನ ಮನೆಗಳಿಗೇ ಸಿಕ್ಕಿತು. 2020ರಲ್ಲಿ ದೊಡ್ಡ ಹೆದ್ದಾರಿಯೊಂದರ ಮೇಲೆ ಮಣ್ಣು ಹಾಕಿ ಗಿಡ ನೆಟ್ಟ ಸೇತುವೆಯನ್ನೂ ಕಟ್ಟಿದರು. ನಮ್ಮ ಬೆಟ್ಟ ಅವರ ಹುಲ್ಲುಗಾವಲಿಗಿಂತ ಎಷ್ಟೋ ಮೇಲು, ಅಲ್ವಾ? ಇಲ್ಲಿ ಹೊಸದಾಗಿ ನೆಡುವುದೂ ಬೇಡ. ಸವರುವುದು ನಿಲ್ಲಿಸಿದರೆ ಕೆಲವೇ ಮಳೆಗಾಲದಲ್ಲಿ ಕೊಂಬೆ ಚಾಚುತ್ತದೆ.

ಊರಿಗೆ ಹೋದಾಗ ಇದನ್ನು ತಮ್ಮನ ಹತ್ತಿರ ಮಾತಾಡಿದೆ. ಚಿಕ್ಕಪ್ಪನ ಮಗ, ಈಗ ತೋಟ ನೋಡಿಕೊಳ್ಳುವವನು ಅವನೇ. ನಮ್ಮ ಬೆಟ್ಟದ ಮೇಲಿನ ಅಂಚು ಕಾನಿಗೆ ತಾಗಿದೆ, ಕೆಳಗಿನ ಹಳ್ಳದ ಆಚೆ ಇನ್ನೊಂದು ಕಾನು. ಹಳ್ಳದ ಗುಂಟ ಒಂದು ಪಟ್ಟಿಯನ್ನು ಸವರದೆ ಬಿಟ್ಟರೆ ಎರಡೂ ಕೂಡುತ್ತವೆ. ಅವನು ಜಗಲಿಯ ತುದಿಯಲ್ಲಿ ಕೂತು ಕೇಳಿಸಿಕೊಂಡ.

‘ಅಕ್ಕಾ, ನೀ ಹೇಳದು ಸರಿ. ತೋಟಕ್ಕೆ ಸೊಪ್ಪು ಎಲ್ಲಿಂದ ತರ್ಲಿ? ಕೂಲಿಯವರು ಸಿಕ್ಕ ದಿನ ಹತ್ತಿರದ ಮರಾನೇ ಸವರ್ತ್ರು. ಮತ್ತೆ ಅದರ ಬೆನ್ನಿಗೆ ಮಂಗನೂ ಬಂದ್ರೆ?’

ಕೇಳಬೇಕಾದ ಪ್ರಶ್ನೆಗಳೇ. ಮಂಗನ ಕಾಟದಿಂದ ಬಾಳೆ, ಏಲಕ್ಕಿ ಬೆಳೆಯುವುದನ್ನೇ ಬಿಟ್ಟ ಮನೆಗಳಿವೆ. ಮಂಗನ ಕಾಯಿಲೆಯ ಹೆದರಿಕೆ ಬೇರೆ. ಅಂಥವರ ಹತ್ತಿರ ಹೋಗಿ ಕೋತಿ ಉಳಿಸಿ ಅಂದರೆ ಸಿಟ್ಟು ಬರುವುದು ಸಹಜ. ಸಿಂಗಳೀಕ ತೋಟದ ಪ್ರಾಣಿಯಲ್ಲ, ಕಾನಿನಲ್ಲಿ ದಾರಿಯೂ ಹಣ್ಣೂ ಇದ್ದರೆ ಅದಕ್ಕೆ ತೋಟದ ಹಂಗಿಲ್ಲ ಅಂತ ಹೇಳಿದೆ. ಅವನಿಗೂ ಅದು ಗೊತ್ತು, ದೊಡ್ಡಪ್ಪನ ಜೊತೆ ಕಾನು ತಿರುಗಿದವನೇ. ಸೊಪ್ಪಿನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಪಟ್ಟಿ ಬಿಟ್ಟರೆ ಆಗುವ ನಷ್ಟ ಅವನದ್ದು. ಬೆಟ್ಟದ ಮರ ಉಳಿಸಿಕೊಂಡ ತೋಟಿಗನಿಗೆ ಗೊಬ್ಬರಕ್ಕಾಗಿಯೋ ಕೂಲಿಗಾಗಿಯೋ ಒಂದಿಷ್ಟು ನೆರವು ಕೊಡುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ಬೇರೆಲ್ಲೋ ಗಿಡ ನೆಡುವುದಕ್ಕೆ ಸುರಿಯುವ ದುಡ್ಡಿನ ಒಂದು ಪಾಲನ್ನು ಇಲ್ಲಿಗೆ ತಿರುಗಿಸಿದರೂ ಸಾಕು. ಉಪ್ಪಾಗೆಗೆ ಊರಿನವರೇ ಕೂತು ನಿಯಮ ಮಾಡಿಕೊಂಡ ಹಾಗೆ ಇದಕ್ಕೂ ಕೂತು ಮಾತಾಡಬಹುದು. ಒಬ್ಬನ ಬೆಟ್ಟದಲ್ಲಿ ಬಿಟ್ಟ ಪಟ್ಟಿ ಪಕ್ಕದವನ ಬೆಟ್ಟದಲ್ಲಿ ತುಂಡಾದರೆ ಏನು ಬಂತು?

ಕೊನೆಗೆ ಅವನು ಹಳ್ಳದ ಎಡಬದಿಯ ಮರಗಳನ್ನು ಈ ವರ್ಷ ಸವರುವುದಿಲ್ಲ ಅಂದ. ಬಲಬದಿ ಪಕ್ಕದ ಮನೆಯವರದ್ದು. ಅವರ ಹತ್ತಿರ ತಾನೇ ಮಾತಾಡುತ್ತೇನೆ, ನೀನು ಬಂದರೆ ಪೇಟೆಯವರು ಬುದ್ಧಿ ಹೇಳಲು ಬಂದರು ಅಂದುಕೊಳ್ಳುತ್ತಾರೆ ಅಂತಲೂ ಹೇಳಿದ. ಅರಣ್ಯ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಇಡಲು ಒಂದು ಅರ್ಜಿ ಬರೆದುಕೊಡು ಅಂದಿದ್ದಾನೆ. ಯಾವ ಹಳ್ಳ, ಯಾರ ಯಾರ ಬೆಟ್ಟ, ಎಷ್ಟು ಉದ್ದ ಅನ್ನುವುದೆಲ್ಲ ಅದರಲ್ಲಿ ಬರಬೇಕಂತೆ. ಸರ್ವೆ ನಂಬರುಗಳನ್ನು ಅವನು ಕಳಿಸಿದ್ದಾನೆ, ಅರ್ಜಿ ಬರೆಯುತ್ತಿದ್ದೇನೆ.